ಮಲ್ಲಿಗೆ ಮಡಿಯಲ್ಲಿ ಜಾಲಿ

ನೀರು ಹಾಕಿ ಜಾಲಿ ಗಿಡ ಸಾಕಿದ್ದೆ ಎಂದು ಹೇಳಿದರೆ ನಮ್ಮ ಸೀಮೆಯವರು ಈಗಲೂ ನನ್ನ ಮುಖ ನೋಡಿ ನಗುತ್ತಾರೆ. ನಗಲಿ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಯಾರ ಹೊಲದ ಬದುವಿಗೆ ಹೋಗಿ ನಿಂತರೂ ಬಳ್ಳಾರಿ ಜಾಲಿ ಸೆರಗು ಹಿಡಿದು ಎಳೆಯುತ್ತದೆ. ಅದನ್ನು ಕಡಿದು ಕಡಿದು ಕೈ ಸೋತವರ ಮುಂದೆ ಇಂಥ ಮಾತಾಡಿದರೆ ಇನ್ನೇನಾದೀತು? ಆದರೆ ನಾನು ಸಾಕಿದ್ದು ಆ ಜಾಲಿಯಲ್ಲ, ಕರಿಜಾಲಿ. ನೇಗಿಲಿಗೆ, ಬಂಡಿಗೆ ಆಗುವ ಗಟ್ಟಿ ಮರ ಅದು. ತಿಂಗಳುಗಟ್ಟಲೆ ಕೆರೆಯ ನೀರಿನಲ್ಲಿ ಕಾಲಿಟ್ಟು ನಿಂತರೂ ಕೊಳೆಯುವುದಿಲ್ಲ. ಅದನ್ನು ಸಾಕಿದ್ದು ನನ್ನ ಸ್ವಂತ ಮಲ್ಲಿಗೆ ಮಡಿಯಲ್ಲಿ, ಅದೂ ನನ್ನ ಅತ್ತೆಯ ಕೃಪೆಯಿಂದ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಕೊಟ್ಟೂರಿನಿಂದ ಹಡಗಲಿ ತಾಲ್ಲೂಕಿನ ಒಂದು ಊರಿಗೆ ಸೊಸೆಯಾಗಿ ಬಂದೆ. ನಮ್ಮೂರಿನಲ್ಲಿ ನೀರೆಂದರೆ ನಳದ ಮುಂದೆ ಸಾಲಿಟ್ಟ ಕೊಡಗಳು. ಇಲ್ಲಿ ಬಂದು ನೋಡಿದರೆ ಮನೆಯ ಹಿಂದೆಯೇ ಕೆರೆ ಏರಿ, ಏರಿಯ ಕೆಳಗೆ ಸಾಲು ಸಾಲು ಮಲ್ಲಿಗೆ ತೋಟ. ಬೆಳಗಿನ ಜಾವ ಹೆಂಗಸರೆಲ್ಲ ಮೊಗ್ಗು ಬಿಡಿಸಿ ಬುಟ್ಟಿ ತುಂಬಿ, ಮೇಲೆ ಒದ್ದೆ ಬಟ್ಟೆ ಹೊದಿಸಿ ಮೊದಲ ಬಸ್ಸಿಗೆ ಏರಿಸುತ್ತಿದ್ದರು. ಆ ಬಸ್ಸಿನಲ್ಲಿ ಮನುಷ್ಯರಿಗಿಂತ ಮೊದಲು ಹೂವಿನ ಬುಟ್ಟಿಗೆ ಜಾಗ. ಕಂಡಕ್ಟರ್ ಕೂಡ ಬುಟ್ಟಿಯನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದ.

ಆ ಊರಿನಲ್ಲಿ ಸೊಸೆಯಂದಿರನ್ನು ತವರಿನ ಹೆಸರು ಹಿಡಿದು ಕರೆಯುತ್ತಿದ್ದರು. ನಾನು ಕೊಟ್ಟೂರಾಕಿ. ನನ್ನ ಅತ್ತೆ ಹಲವಾಗಲಾಕಿ. ತುಂಗಭದ್ರೆಯ ದಂಡೆಯಲ್ಲಿ ಹುಟ್ಟಿ ಬೆಳೆದವರಾದ್ದರಿಂದ ನೀರು, ಗಿಡ, ಹಕ್ಕಿ, ಮೀನು ಯಾವುದರ ಮಾತು ಬಂದರೂ ತೀರ್ಪು ಅವರದೇ. “ನಮ್ಮ ಹೊಳಿ ದಂಡ್ಯಾಗ” ಎಂದು ಅವರು ಬಾಯಿ ತೆಗೆದರೆ ಮಾವ ಮೆಲ್ಲಗೆ ಎದ್ದು ದನದ ಕೊಟ್ಟಿಗೆಗೆ ಹೋಗುತ್ತಿದ್ದರು. ನನಗೆ ಎದ್ದು ಹೋಗುವ ಸವಲತ್ತು ಇರಲಿಲ್ಲ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮನೆಗೆ ಬಂದ ಪ್ರತಿ ಸೊಸೆಗೂ ಮಲ್ಲಿಗೆ ಹಚ್ಚಲು ಒಂದು ಮಡಿ ಬಿಟ್ಟುಕೊಡುತ್ತಿದ್ದರು. ಆ ಮಡಿಯ ಹೂವು ಆಕೆಯದು, ಹೂವಿನಿಂದ ಬಂದದ್ದೂ ಆಕೆಯದೇ. ಅಲ್ಲಿ ಏನು ಮಾಡಿದಳು, ಏನು ಬಿಟ್ಟಳು ಎಂದು ಕೇಳುವ ಹಕ್ಕು ಗಂಡನಿಗಿಲ್ಲ, ಮಾವನಿಗಿಲ್ಲ, ಅತ್ತೆಗೂ ಇಲ್ಲ. ಉಟ್ಟ ಸೀರೆಯಿಂದ ಹಿಡಿದು ಉಣ್ಣುವ ರೊಟ್ಟಿಯವರೆಗೆ ಎಲ್ಲವೂ ಇನ್ನೊಬ್ಬರ ಮನೆಯದೇ ಆಗಿದ್ದ ಆ ದಿನಗಳಲ್ಲಿ, ಬಾವಿಯ ಪಕ್ಕದ ಆ ತುಂಡು ಕೆಮ್ಮಣ್ಣನ್ನು ಅತ್ತೆ ಬೆರಳು ಮಾಡಿ ತೋರಿಸಿ, “ಮಳಿಗಾಲಕ್ಕ ನೀನು ಇಲ್ಲಿ ಮಲ್ಲಿಗಿ ಹಚ್ಚವ್ವ” ಎಂದಾಗ ನಾನು ಖುಷಿಯಿಂದ ರಾತ್ರಿ ಊಟವನ್ನೇ ಮರೆತೆ. ದಿನಕ್ಕೊಮ್ಮೆ ನೆಪ ಮಾಡಿಕೊಂಡು ಹೋಗಿ ಆ ಬರೀ ಮಣ್ಣನ್ನು ನೋಡಿ ಬರುತ್ತಿದ್ದೆ.

ಅದೇ ವರ್ಷ ಊರಿಗೆ ಕೆರೆಯ ಚಿಂತೆ ಹತ್ತಿತ್ತು. ನಮ್ಮ ಕೆರೆಯ ಅಂಗಳದಲ್ಲಿ ಏರಿಗೆ ಎದುರಾಗಿ ಉದ್ದಕ್ಕೂ ತಗ್ಗು ದಿಬ್ಬಗಳಿದ್ದವು. ಬೇಸಿಗೆಯಲ್ಲಿ ಅವು ಬರೀ ಮಣ್ಣಿನ ಗುಡ್ಡೆ. ಕೆರೆ ಅರ್ಧ ತುಂಬಿದಾಗ ನಡುಗಡ್ಡೆ. ಪೂರ್ತಿ ತುಂಬಿದರೆ ಅವುಗಳ ಮೇಲೂ ಸೊಂಟಮಟ್ಟ ನೀರು. ಹಿಂದೆ ಆ ದಿಬ್ಬಗಳ ತುಂಬ ಕರಿಜಾಲಿ ಇತ್ತಂತೆ, ನೀರೊಳಗೆ ನಿಂತ ಕಾಡೇ ಇತ್ತಂತೆ. ಗಾಳಿಗೆ ಎದ್ದ ತೆರೆ ಆ ಮರಗಳಿಗೆ ಬಡಿದು ಸೋತು ಏರಿಗೆ ಬರುವಷ್ಟರಲ್ಲಿ ಸುಮ್ಮನಾಗುತ್ತಿತ್ತಂತೆ. ಬೇರುಗಳ ಸಂದಿಯಲ್ಲಿ ಮೀನಿನ ಮರಿ, ಮೇಲೆ ಬೆಳ್ಳಕ್ಕಿ. ಆ ಮರ ಯಾರು ಕಡಿದರು ಎಂದು ಕೇಳಿದರೆ ಊರಿನಲ್ಲಿ ಒಬ್ಬರೂ ಕಡಿದಿಲ್ಲ. ಆದರೆ ಪ್ರತಿ ಮನೆಯ ನೇಗಿಲೂ, ಬಂಡಿಯೂ, ಮದುವೆ ಅಡುಗೆಯ ಬೂದಿಯೂ ಆ ಜಾಲಿಯದೇ. ಮರ ಹೋದ ಮೇಲೆ ತೆರೆ ನೇರ ಏರಿಗೇ ಬಡಿಯತೊಡಗಿತು. ಹಿಂದಿನ ಮಳೆಗಾಲದಲ್ಲಿ ಏರಿಯ ಒಳಮೈ ಕಲ್ಲು ಜಾರಿ ಒಂದು ಬಂಡಿ ಇಳಿಯುವಷ್ಟು ಜಾಗ ಕುಸಿದಿತ್ತು. ಏರಿ ಒಡೆದರೆ ಕೆಳಗಿನ ಮಲ್ಲಿಗೆಯೆಲ್ಲ ಕೊಚ್ಚಿ ಹೋಗುತ್ತದೆ. ನನ್ನ ಮಡಿಯೂ.

ಬೇಸಿಗೆಯಲ್ಲಿ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಊರು ಸೇರಿತು. ಗಂಡಸರು ಕಟ್ಟೆಯ ಮೇಲೆ, ನಾವು ಬೇವಿನ ಮರದ ಬುಡದಲ್ಲಿ. ಮತ್ತೆ ಜಾಲಿ ಹಚ್ಚಬೇಕು ಎಂಬುದಕ್ಕೆ ಯಾರದೂ ತಕರಾರಿಲ್ಲ. ಹೇಗೆ ಎಂಬುದಕ್ಕೆ ಎಲ್ಲರದೂ ತಕರಾರು. ಆಗ ಅತ್ತೆ ಕುಳಿತಲ್ಲಿಂದಲೇ ದನಿ ಎತ್ತಿದರು.

“ಬೀಜ ಹಂಗ ಬಿತ್ತಿದ್ರ ಅದು ಕಲ್ಲಿನಂಗ ಕುಂದರ್ತತಿ, ಕಣ್ಣು ಬಿಡಂಗಿಲ್ಲ. ಕುರಿ ಹೊಟ್ಯಾಗ ಹೋಗಿ ಬರ್ಬೇಕು ಅದು. ನಮ್ಮ ಹೊಳಿ ದಂಡ್ಯಾಗ ಜಾಲಿ ಎಲ್ಲಾ ಕುರಿ ಬಿತ್ತಿದ್ದ. ಜಾಲಿಕಾಯಿ ತಿನ್ನಿಸಿ ದಿಬ್ಬದ ಮ್ಯಾಲ ಕುರಿ ನಿಂದ್ರಸ್ರಿ.”

ಕುರಿ ನಿಲ್ಲಿಸುವುದು ನಮ್ಮ ಕಡೆ ಹೊಸದೇನಲ್ಲ. ಬಿತ್ತನೆಗೆ ಮೊದಲು ಕುರಿಯವರನ್ನು ಕರೆಸಿ ಹಿಂಡನ್ನು ಹೊಲದಲ್ಲಿ ರಾತ್ರಿ ತಂಗಿಸಿದರೆ ಹಿಕ್ಕೆ, ಗಂಜಲ ಬಿದ್ದು ಭೂಮಿ ಕೊಬ್ಬುತ್ತದೆ. ಗೊಬ್ಬರಕ್ಕೆ ಮಾಡುವುದನ್ನೇ ಬಿತ್ತನೆಗೂ ಮಾಡೋಣ ಎಂಬ ಅತ್ತೆಯ ಮಾತಿಗೆ ಕಟ್ಟೆಯ ಮೇಲೂ ತಲೆ ಆಡಿತು. ಅವತ್ತು ಮನೆಗೆ ಬರುವಾಗ ಅತ್ತೆಯ ನಡಿಗೆಯೇ ಬೇರೆಯಾಗಿತ್ತು.

ಹಿಂಡು ತಂದವರು ಪ್ರತಿ ಬೇಸಿಗೆ ನಮ್ಮೂರಿಗೆ ಬರುತ್ತಿದ್ದ ಕುರಿಯವರು. ಅವರನ್ನು ಎಲ್ಲರೂ ಕುರಿ ಕಾಕಾ ಎನ್ನುತ್ತಿದ್ದೆವು. ಕೆರೆ ಕೋಡಿಯ ಹತ್ತಿರ ಉಳಿದಿದ್ದ ಮುದಿ ಜಾಲಿ ಮರಗಳಿಂದ, ಇಟ್ಟಿಗಿಯ ಕಡೆಯ ನೆಂಟರಿಂದ ಚೀಲ ಚೀಲ ಕಾಯಿ ಬಂತು. ಪೋಣಿಸಿದ ಮಣಿಯ ಹಾಗಿರುವ ಆ ಬೂದು ಕಾಯಿಗಳನ್ನು ಕುರಿಗಳು ಚಕ್ಕುಲಿ ಮುರಿದ ಹಾಗೆ ಕಟುಂ ಕಟುಂ ಎಂದು ತಿಂದವು. ಒಂದೊಂದು ದಿಬ್ಬದ ಮೇಲೂ ಹಿಂಡು ತಂಗಿತು. ಕಡೆಯ ದಿಬ್ಬ ಮುಗಿಸಿ ಕಾಕಾ ಹೊರಟಾಗ ಅತ್ತೆ ಏರಿಯ ಮೇಲೆಯೇ ಅಡ್ಡಗಟ್ಟಿದರು.

“ಹೆಂಗೂ ಬಂದೀರಿ, ಒಂದಿನ ನಮ್ಮ ಸೊಸಿ ಮಡ್ಯಾಗ ನಿಂದ್ರಸಿ ಹೋಗ್ರಿ. ಹೊಸಾ ಮಲ್ಲಿಗಿ ಹಚ್ಚಾಕ್ಹತ್ಯಾಳ. ಗೊಬ್ಬರ ಆಕ್ಕತಿ.”

ನನ್ನ ಮಡಿಯ ಮೇಲೆ ಅತ್ತೆಗೆ ಅಷ್ಟು ಕಾಳಜಿ ಇದೆಯಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. ಹಿಂಡು ಬಂದು ತಂಗಿತು, ಬೆಳಗಾಗುತ್ತಲೇ ಹೋಯಿತು. ಕಾಕಾಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಟ್ಟೆವು.

ಮಳೆ ಬಿತ್ತು. ಮಲ್ಲಿಗೆ ಕಡ್ಡಿ ಹಚ್ಚಿದೆ. ಕಡ್ಡಿ ಚಿಗುರಿತೋ ಇಲ್ಲವೋ ಎಂದು ದಿನವೂ ಬಗ್ಗಿ ನೋಡುತ್ತಿದ್ದವಳಿಗೆ ಸಾಲಿನ ನಡುವೆ, ಸಾಲಿನ ಮೇಲೆ, ಬದುವಿನ ಮೇಲೆ, ಎಲ್ಲೆಂದರಲ್ಲಿ ಸಣ್ಣ ಸಣ್ಣ ಗರಿಯಂಥ ಎಲೆ ಕಂಡವು. ಮುಟ್ಟಿದರೆ ಮುನಿ ಇರಬೇಕು ಎಂದುಕೊಂಡು ಮುಟ್ಟಿದೆ. ಮುನಿಯಲಿಲ್ಲ. ವಾರ ಕಳೆದ ಮೇಲೆ ಮುಟ್ಟಿದಾಗ ಬೆರಳಿಗೆ ಮುಳ್ಳು ಚುಚ್ಚಿತು. ಅತ್ತೆಯನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿದರು, ನೆಟ್ಟಗಾದರು, ಮತ್ತೆ ಬಗ್ಗಿ ನೋಡಿದರು. “ಜಾಲಿ!” ಎಂದರು ಕೊನೆಗೆ.

ಕುರಿ ಹೊಟ್ಟೆಯಲ್ಲಿ ಜಾಲಿ ಬೀಜ ಇರುತ್ತದೆ, ಅದು ಹಿಕ್ಕೆಯ ಜೊತೆ ಬಿದ್ದು ಹುಟ್ಟುತ್ತದೆ ಎಂದು ಇಡೀ ಊರಿಗೆ ಪಾಠ ಹೇಳಿದವರು, ಅದೇ ಹಿಂಡನ್ನು ದಿಬ್ಬದಿಂದ ನೇರ ತಂದು ಮಲ್ಲಿಗೆ ಮಡಿಯಲ್ಲಿ ನಿಲ್ಲಿಸಿದ್ದರು! ಸುದ್ದಿ ಕೇಳಿ ಪಕ್ಕದ ಊರಿನಲ್ಲಿದ್ದ ಕಾಕಾ ನೋಡಲೆಂದೇ ಬಂದರು. ಬದುವಿನ ಮೇಲೆ ಕೂತು ರುಮಾಲು ಬಿಚ್ಚಿ ಕಣ್ಣೊರೆಸಿಕೊಳ್ಳುತ್ತ ನಕ್ಕರು.

“ಅಕ್ಕಾರ, ಕುರಿ ಹೊಟ್ಟಿ ನೀವೂ ನೆನಸ್ಲಿಲ್ಲ, ನಾನೂ ನೆನಸ್ಲಿಲ್ಲಲ್ರಿ!”

“ನಗಬ್ಯಾಡೋ ಮಾರಾಯ,” ಎಂದರು ಅತ್ತೆ. ಆದರೆ ಅವರ ತುಟಿಯೂ ನಡುಗುತ್ತಿತ್ತು. ನನಗೊಬ್ಬಳಿಗೇ ನಗು ಬರಲಿಲ್ಲ. ಕಚ್ಚೆ ಕಟ್ಟಿಕೊಂಡು ಕೀಳಲು ಕೂತೆ. ಅತ್ತೆಯೂ ಪಕ್ಕದ ಸಾಲಿನಲ್ಲಿ ಕೂತು ಕೀಳತೊಡಗಿದರು. ಕೀಳುವುದೆಂದರೆ ಸುಲಭವೇ? ಗಿಡ ಬೆರಳುದ್ದ, ಬೇರು ಮೊಳದುದ್ದ. ಎಳೆದರೆ ಅರ್ಧ ಬೇರು ಮಣ್ಣಿನಲ್ಲೇ. ಹಾಗೂ ಹೀಗೂ ಮಡಿಯ ಒಂದು ಮೂಲೆ ಸ್ವಚ್ಛವಾಯಿತು.

ಅಷ್ಟರಲ್ಲಿ ಮೇಲಿನ ಹಳ್ಳ ಬಂದು ಕೆರೆ ತುಂಬಿತು. ಆ ವರ್ಷ ಯಾರೂ ಎಣಿಸದಷ್ಟು ಬೇಗ ತುಂಬಿತು. ದಿಬ್ಬದ ಮೇಲಿನ ಜಾಲಿ ಸಸಿಗಳು ಇನ್ನೂ ಗೇಣುದ್ದವೂ ಆಗಿರಲಿಲ್ಲ. ನೀರು ಅವುಗಳ ತಲೆಯ ಮೇಲೆ ಹತ್ತಿ ನಿಂತಿತು. ತಲೆ ಹೊರಗಿದ್ದರೆ ಜಾಲಿ ಎಷ್ಟು ದಿನವಾದರೂ ನೀರಲ್ಲಿ ನಿಲ್ಲುತ್ತದೆ, ತಲೆ ಮುಳುಗಿದರೆ ಮುಗಿಯಿತು. ಊರೆಲ್ಲ ಕಾಯಿ ಆರಿಸಿದ್ದು, ಕುರಿ ನಿಲ್ಲಿಸಿದ್ದು, ಕಾದದ್ದು ಎಲ್ಲ ನೀರುಪಾಲಾಯಿತು.

ಮರುದಿನ ನೀರಗಂಟಿ ಅಜ್ಜ ನನ್ನ ಮಡಿಯ ಬದುವಿನ ಮೇಲೆ ಬಂದು ನಿಂತ. ಕೆರೆಯ ತೂಬು ಎತ್ತುವುದು, ಇಳಿಸುವುದು ಆತನ ಕೆಲಸ. “ಸುಮ್ನ ಬಂದೆ ತಂಗಿ, ನೀರು ಹೆಂಗ ಹರ್ಯಾಕ್ಹತ್ತೇತಿ ನೋಡಾಕ” ಎಂದ. ನೋಡಿದ್ದು ನೀರನ್ನಲ್ಲ, ಕುರಿ ಗೊಬ್ಬರ ತಿಂದು ಕರ್ರಗೆ ಕೊಬ್ಬಿ ನಿಂತಿದ್ದ ನನ್ನ ಜಾಲಿಯನ್ನು. ಸಂಜೆಗೆ ಇನ್ನಿಬ್ಬರು ಸುಮ್ಮನೆ ಬಂದರು. ಆಮೇಲೆ ಊರೇ ಸುಮ್ಮನೆ ಬರತೊಡಗಿತು. ಎಲ್ಲರೂ ಜಾಲಿ ನೋಡುವರು, ನಿಟ್ಟುಸಿರು ಬಿಡುವರು, “ಮಲ್ಲಿಗಿ ಚಲೋ ಐತವ್ವ” ಎಂದು ಸುಳ್ಳು ಹೇಳಿ ಹೋಗುವರು. ನನ್ನ ಮಲ್ಲಿಗೆ ಕಡ್ಡಿಗಳು ಆ ಜಾಲಿಯ ನಡುವೆ ಕಾಣುತ್ತಲೂ ಇರಲಿಲ್ಲ.

ಬರುವ ಮುಂಗಾರಿನವರೆಗೆ ಅವನ್ನು ಅಲ್ಲೇ ಬಿಟ್ಟರೆ ಎದೆಮಟ್ಟ ಬೆಳೆಯುತ್ತವೆ. ಆಗ ಮಣ್ಣಿನ ಹೆಂಟೆ ಸಮೇತ ಎತ್ತಿ ದಿಬ್ಬಕ್ಕೆ ಹಚ್ಚಿದರೆ ಕೆರೆ ತುಂಬಿದರೂ ತಲೆ ಮೇಲಿರುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು. ಹಾಗೆ ಮಾಡಿದರೆ ನನ್ನ ಮಲ್ಲಿಗೆ ಹೋಯಿತು, ಹೆಂಟೆ ಎತ್ತಿದ ಮೇಲೆ ಮಡಿಯೂ ಹಳ್ಳ ಬಿದ್ದು ಹೋಯಿತು ಎಂಬುದೂ ಗೊತ್ತಿತ್ತು. ಆದರೆ ಸೊಸೆ ಮಡಿಯ ಮಾತು ಎತ್ತುವ ಹಕ್ಕು ಯಾರಿಗೂ ಇಲ್ಲವಲ್ಲ! ನಮ್ಮ ಯಜಮಾನರು ಊಟಕ್ಕೆ ಕೂತಾಗ ಒಂದೆರಡು ಸಲ ಕೆಮ್ಮಿದರು, ಅಷ್ಟೇ. ಅತ್ತೆ ಮಾತ್ರ ದಿನವೂ ನನ್ನ ಜೊತೆ ಬಂದು ಕೀಳಲು ಕೂರುತ್ತಿದ್ದರು. ಕೀಳುವುದು ಮಾತ್ರ ದಿನದಿಂದ ದಿನಕ್ಕೆ ನಿಧಾನವಾಗುತ್ತಿತ್ತು.

ಒಂದು ದಿನ ನನಗೆ ಸಿಟ್ಟು ನೆತ್ತಿಗೇರಿತು. ಕಳೆ ತೆಗೆಯುವ ಕುರ್ಚಿಗಿ ಒಗೆದು ಎದ್ದೆ.

“ಅತ್ತೀ, ಊರ ಮಂದೆಲ್ಲಾ ಬಂದು ಬಂದು ನಿಂತು ಹೋಗ್ತಾರ. ನೀವೂ ದಿನಾ ಒಂದ ಗಿಡದ ಮುಂದ ಕುಂತಿರ್ತೀರಿ. ಬೇಕಂದ್ರ ಬಾಯಿ ಬಿಟ್ಟು ಕೇಳ್ರಲಾ!”

ಅತ್ತೆ ಕೂತಲ್ಲಿಂದ ತಲೆ ಎತ್ತಿದರು. “ಹೆಂಗ ಕೇಳ್ಲವ್ವ? ಮಡಿ ನಿಂದು. ಕುರಿ ನಿಂದ್ರಸಿ ಕೆಡಿಸಿದಾಕಿ ನಾನು. ಕೀಳಂದ್ರ ಕೀಳ್ತೀನಿ. ಬಿಡಂತ ಹೆಂಗ ಕೇಳ್ಲಿ?”

ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಹಲವಾಗಲ ಹೊಳೆಯಂಥ ಈ ಹೆಂಗಸು, ಊರನ್ನೇ ಒಂದು ಮಾತಿಗೆ ತಲೆ ಆಡಿಸಿದವರು, ನನ್ನೆದುರು ಕೂತು ನನ್ನ ಮಾತಿಗೆ ಕಾಯುತ್ತಿದ್ದಾರೆ. ಆ ಮಡಿ ನಿಜವಾಗಿಯೂ ನನ್ನದೇ ಎಂದು ನನಗೆ ಗಟ್ಟಿಯಾದದ್ದು ಆಗ. ಬೇಡ ಎನ್ನಬಹುದಿತ್ತು, ಒಬ್ಬರೂ ಎದುರು ಮಾತಾಡುತ್ತಿರಲಿಲ್ಲ. ಅದು ತಿಳಿದ ಮೇಲೆ ಬೇಡ ಎನ್ನಲು ಮನಸ್ಸು ಬರಲಿಲ್ಲ.

“ಕೀಳಬ್ಯಾಡ್ರಿ. ಇರ್ಲಿ,” ಎಂದೆ. “ಆದ್ರ ನೀರು ಹಾಯ್ಸೋದಕ್ಕ ನೀವೂ ಬರ್ಬೇಕು.”

“ಬರ್ತೀನಿ ಬಿಡು, ಏನು ಜೋರು ಮಾಡ್ತಿ!” ಎಂದು ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಸಂಜೆಯೊಳಗೆ ಸುದ್ದಿ ಊರ ತುಂಬ. ಆಮೇಲೆ ನಮ್ಮ ಮಡಿಗೆ ಯಾರೂ ಸುಮ್ಮನೆ ಬರಲಿಲ್ಲ, ಎಲ್ಲರೂ ರಾಜಾರೋಷವಾಗಿ ಬಂದರು.

ಆ ವರ್ಷವೆಲ್ಲ ಅತ್ತೆ ಸೊಸೆ ಇಬ್ಬರೂ ಮುಳ್ಳಿಗೆ ನೀರು ಹಾಯಿಸಿದೆವು. ಸೀರೆ ಹರಿದವು, ಕೈ ಗೀರಿದವು, ಬೈಗುಳ ಒಳ್ಳೊಳ್ಳೆಯವು ಬಂದವು. ನಮ್ಮವ್ವ ಕೊಟ್ಟೂರಿನಿಂದ ಮಂಡಕ್ಕಿ ಗಂಟು ಹೊತ್ತು ಮಗಳ ಮಲ್ಲಿಗೆ ಮಡಿ ನೋಡಲು ಬಂದಳು. ಬದುವಿನ ಮೇಲೆ ನಿಂತು ಅತ್ತ ಇತ್ತ ನೋಡಿ, ಅತ್ತೆಗೆ ಕೇಳದ ಹಾಗೆ ನನ್ನ ಕಿವಿಯಲ್ಲಿ, “ಜಾಲಿಗೆ ನೀರು ಹಾಕೋ ಮನಿಗೆ ಕೊಟ್ಟೀನೇನವ್ವ ನಿನ್ನ!” ಎಂದಳು. ಅತ್ತೆಗೆ ಕೇಳಿತ್ತು. ಬೀಗಿತ್ತಿಯ ಮುಡಿಗೆ ತಮ್ಮ ತೋಟದ ಹೂವಿನ ದಂಡೆಯನ್ನೇ ಮುಡಿಸಿ ಬಾಯಿ ಮುಚ್ಚಿಸಿದರು. ನನಗೂ ಅಷ್ಟೇ. ಅವರ ಮಲ್ಲಿಗೆ ಬಿಟ್ಟಷ್ಟು ದಿನವೂ ನಾನು ಹೂವಿಲ್ಲದೆ ಇರಲಿಲ್ಲ. ಮೊದಲ ಮಾಲೆ ನನಗೆ ಕೊಟ್ಟು ಉಳಿದದ್ದನ್ನು ತಾವು ಮುಡಿಯುತ್ತಿದ್ದರು.

ಮರುವರ್ಷ ಮೊದಲ ಮಳೆ ಬಿದ್ದು ಮಣ್ಣು ಹದವಾದ ಬೆಳಗು. ನಾನು ಮಡಿಗೆ ಹೋಗುವಷ್ಟರಲ್ಲಿ ಊರು ಅಲ್ಲಿತ್ತು. ಗುದ್ದಲಿ, ಹಾರೆ, ಗೋಣಿತಾಟು, ಬಂಡಿ. ಹೆಂಗಸರ ಕಂಕುಳಲ್ಲಿ ಹೂವಿನ ಬುಟ್ಟಿ. ನಮ್ಮ ಮಡಿಯಲ್ಲಿ ಮೊಳದಾಳಕ್ಕೇ ಗಟ್ಟಿ ಗರಸು ಕಲ್ಲು ಇತ್ತು. ಅದರಿಂದಾಗಿ ಬೇರು ಕೆಳಗಿಳಿಯದೆ ಬಾಗಿ ಸುತ್ತಿಕೊಂಡಿದ್ದವು, ಹೆಂಟೆ ಇಡಿಯಾಗಿ ಎದ್ದು ಬಂತು. ಒಂದೊಂದನ್ನೂ ಕೂಸಿನ ಹಾಗೆ ಗೋಣಿತಾಟಿನಲ್ಲಿ ಸುತ್ತಿ, ದೊಡ್ಡವನ್ನು ಬಂಡಿಗೆ ಹೇರಿ, ಸಣ್ಣವನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತೆವು. ದಿನವೂ ಮಲ್ಲಿಗೆ ಹೊತ್ತ ಬುಟ್ಟಿಯಲ್ಲಿ ಅವತ್ತು ಮುಳ್ಳು. ಏರಿ ಹತ್ತಿ, ಕೆರೆಯೊಳಗೆ ಇಳಿದು, ಬಿರುಕು ಬಿಟ್ಟ ಕೆಸರಿನ ಮೇಲೆ ಸಾಲಾಗಿ ನಡೆದು ದಿಬ್ಬ ಸೇರಿದೆವು. ಯಾರೋ ಸೋಬಾನೆ ಹಾಡಲು ಶುರು ಮಾಡಿದರು. ಜಾಲಿಗೆ ಸೋಬಾನೆಯೇ ಎಂದು ಒಬ್ಬಾಕೆ ನಕ್ಕಳು, ಆಮೇಲೆ ತಾನೇ ಎಲ್ಲರಿಗಿಂತ ಜೋರಾಗಿ ಹಾಡಿದಳು. ಮಧ್ಯಾಹ್ನ ದಿಬ್ಬದ ಮೇಲೇ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ನನ್ನ ಜೀವನದಲ್ಲಿ ಅಷ್ಟು ರುಚಿಯ ಬಜ್ಜಿ ಮತ್ತೆ ತಿಂದಿಲ್ಲ.

ಸಂಜೆ ಒಬ್ಬಳೇ ಮಡಿಗೆ ಬಂದೆ. ಹಲ್ಲು ಕಿತ್ತ ಬಾಯಿಯ ಹಾಗೆ ಗುಣಿ ಗುಣಿ. ದಿನವೆಲ್ಲ ನಕ್ಕವಳಿಗೆ ಅಲ್ಲಿ ಅಳು ಬಂತು, ಅತ್ತುಬಿಟ್ಟೆ. ಮೇಲ್ಮಣ್ಣೆಲ್ಲ ಹೆಂಟೆಯ ಜೊತೆ ಹೋಗಿ ಕೆಳಗಿನ ಗರಸು ಕಾಣುತ್ತಿತ್ತು. ಇನ್ನು ಇದರಲ್ಲಿ ಮಲ್ಲಿಗೆ ಎಲ್ಲಿಂದ ಬಂದೀತು?

ಬೆಳಗ್ಗೆ ಬಂಡಿಯ ಗಾಲಿ ಸದ್ದಿಗೆ ಹೊರಗೆ ಬಂದರೆ ನೀರಗಂಟಿ ಅಜ್ಜ ಕೆರೆಯ ಗೋಡು ಮಣ್ಣು ಹೇರಿಕೊಂಡು ನಿಂತಿದ್ದ. ಆತನ ಹಿಂದೆ ಇನ್ನೊಂದು ಬಂಡಿ, ಅದರ ಹಿಂದೆ ಮತ್ತೊಂದು. ಯಾರೂ ಹೇಳಿರಲಿಲ್ಲ, ನಾನಂತೂ ಕೇಳಿರಲಿಲ್ಲ. ನನ್ನ ಮಡಿಯ ಕೆಂಪು ಮಣ್ಣು ಕೆರೆಗೆ ಹೋಗಿತ್ತು, ಕೆರೆಯ ಕಪ್ಪು ಗೋಡು ನನ್ನ ಮಡಿಗೆ ಬಂತು. ಬಂಡಿ ಇಲ್ಲದವರು ಬುಟ್ಟಿಯಲ್ಲಿ ತಂದು ಸುರಿದರು. “ಈ ಸಲ ಕುರಿ ನಿಂದ್ರಸ್ತೀಯೇನ್ ಹಲವಾಗಲಕ್ಕ?” ಎಂದು ಹೆಂಗಸರು ಅತ್ತೆಯನ್ನು ಕಾಡಿದರು. ಅತ್ತೆ ಸಲಿಕೆಯಲ್ಲಿ ಗೋಡು ಹರಡುತ್ತ ಕೇಳಿಸದವರ ಹಾಗೆ ಇದ್ದುಬಿಟ್ಟರು.

ದಿಬ್ಬದ ಗಿಡಗಳಿಗೆ ಓಣಿಗೊಂದು ವಾರ ಕಾವಲು ಎಂದಾಯಿತು. ಆಡು ಬಿಡುವ ಹಾಗಿಲ್ಲ, ಕೊಂಬೆ ಕಡಿಯುವ ಹಾಗಿಲ್ಲ. ಮೊದಲು ಸಿಕ್ಕಿಬಿದ್ದದ್ದು ನಮ್ಮ ಮನೆಯ ಆಡೇ. ನಮ್ಮ ಯಜಮಾನರೇ ಕಾವಲಿಗಿದ್ದ ವಾರ, ಅವರೇ ಬೇವಿನ ನೆರಳಲ್ಲಿ ನಿದ್ದೆ ಹೋಗಿದ್ದಾಗ. ಗುಡಿ ಕಟ್ಟೆಯ ಮುಂದೆ ನಿಂತು ತೆಂಗಿನಕಾಯಿ ತಪ್ಪುಕಾಣಿಕೆ ಕೊಟ್ಟು ಬಂದರು. ಕೆಲವು ಗಿಡ ಸತ್ತವು. ಆ ಮಳೆಗಾಲ ಕೆರೆ ತುಂಬಿದಾಗ ಉಳಿದವು ಕುತ್ತಿಗೆಯವರೆಗೆ ನೀರಲ್ಲಿ ನಿಂತವು, ತುದಿಯ ಎಲೆ ಮಾತ್ರ ಹೊರಗೆ. ಬೆಳಗೆದ್ದರೆ ಮೊಗ್ಗು ಬಿಡಿಸುವುದಕ್ಕಿಂತ ಮೊದಲು ಏರಿ ಹತ್ತಿ ತಲೆ ಕಾಣುತ್ತಿವೆಯೇ ಎಂದು ನೋಡುವುದು ಊರಿಗೆಲ್ಲ ರೂಢಿಯಾಯಿತು. ನೀರು ಇಳಿದಾಗ ಅವು ಕಾಲಿಗೆಲ್ಲ ಕೆಸರು ಮೆತ್ತಿಕೊಂಡು ಹಾಗೆಯೇ ನಿಂತಿದ್ದವು. ಅಜ್ಜ ಏರಿಯ ಮೇಲಿಂದ ಒಂದು ಕೇಕೆ ಹಾಕಿದ. ಅದು ಹೊಲದವರೆಗೆ ಕೇಳಿತು.

ಆಮೇಲೆ ಕೆಲವು ವರ್ಷ ಕಳೆದವು. ಗಿಡ ಮರವಾದವು. ತೆರೆ ಅವುಗಳ ನಡುವೆ ಸಿಕ್ಕಿ ಸಣ್ಣದಾಗಿ ಬಂದು ಏರಿಯ ಕಲ್ಲು ನೆಕ್ಕಿ ಹೋಗತೊಡಗಿತು. ಗೋಡು ಉಂಡ ನನ್ನ ಮಡಿಯಲ್ಲಿ ಹಚ್ಚಿದ ಮಲ್ಲಿಗೆ ಅತ್ತೆಯ ತೋಟಕ್ಕಿಂತ ದಟ್ಟವಾಗಿ ಹೂ ಬಿಟ್ಟಿತು. ಇದನ್ನು ಅತ್ತೆ ಒಪ್ಪುವುದಿಲ್ಲ.

ಒಂದು ಬೆಳಗ್ಗೆ ನಾನು ಮೊಗ್ಗು ಬಿಡಿಸುತ್ತಿದ್ದೆ. ಬಸ್ಸಿನ ಹೊತ್ತಾಗುತ್ತಿತ್ತು. ಏರಿಯ ಮೇಲಿಂದ ಅತ್ತೆಯ ದನಿ.

“ಏ ಕೊಟ್ಟೂರಾಕಿ, ಬಾರ ಇಲ್ಲಿ! ನಿನ್ನ ಮಡಿ ಹೂ ಬಿಟ್ಟೇತಿ ನೋಡ ಬಾ!”

“ಅದನ್ನ ಬಿಡಿಸಾಕ್ಹತ್ತೀನ್ರಿ ಅತ್ತೀ!” ಎಂದು ಇಲ್ಲಿಂದಲೇ ಕೂಗಿದೆ.

“ಅದಲ್ಲ, ಬಾರ!”

ಬುಟ್ಟಿ ಇಟ್ಟು ಏರಿ ಹತ್ತಿದೆ. ಅತ್ತೆ ಗದ್ದ ಎತ್ತಿ ಕೆರೆಯ ಕಡೆ ತೋರಿಸಿದರು. ತುಂಬಿದ ನೀರಿನ ನಡುವೆ ನಮ್ಮ ಜಾಲಿ ಹಸಿರಾಗಿ ನಿಂತಿತ್ತು. ಅದರ ಕೊಂಬೆ ಕೊಂಬೆಗೂ ಬೆಳ್ಳಕ್ಕಿ. ಒಂದು ಏಳುತ್ತಿತ್ತು, ಇನ್ನೊಂದು ಕೂರುತ್ತಿತ್ತು. ಕೆಲವು ಕಡ್ಡಿ ಕಚ್ಚಿ ತಂದು ಗೂಡು ಹೆಣೆಯುತ್ತಿದ್ದವು. ಹಸಿರಿನ ಮೇಲೆ ಅಷ್ಟು ಬಿಳುಪನ್ನು ನಾನು ನನ್ನ ಮಲ್ಲಿಗೆಯಲ್ಲೂ ಕಂಡಿರಲಿಲ್ಲ. ನನ್ನ ಮಡಿಯ ಮಣ್ಣು ಅಲ್ಲಿತ್ತು, ಆ ನೀರಿನ ಕೆಳಗೆ, ಆ ಬೇರುಗಳಿಗೆ ಅಂಟಿಕೊಂಡು. ಹೊಟ್ಟೆ ತುಂಬ ಸಂತೋಷವಾಯಿತು. ಅತ್ತೆಯ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ.

ಅತ್ತೆ ನನ್ನ ಕಡೆ ತಿರುಗಿದರು.

“ಮಡಿ ನಿಂದು, ಒಪ್ಪಿದೆ. ಆದ್ರ ಕುರಿ ನಿಂದ್ರಸಿದಾಕಿ ಯಾರು?”

ನಗು ತಡೆಯಲಾರದೆ ಇಬ್ಬರೂ ಏರಿಯ ಮೇಲೆ ಕೂತುಬಿಟ್ಟೆವು. ಅವತ್ತು ಬಸ್ಸು ತಪ್ಪಿತು, ಬುಟ್ಟಿಯ ಹೂವೆಲ್ಲ ಓಣಿಯ ಹೆಂಗಸರ ಮುಡಿ ಸೇರಿತು.